ಗರಿ ಚರ್ಚಿನ ಸುಣ್ಣ

"ಇನ್ನೊಂದು ಕೈ ಹೊಡೀಬೇಕೇನೇ?" ಎಂದು ಪುಟ್ಟಕ್ಕ ಸುಣ್ಣದ ಬಕೆಟ್ಟು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಚಾವಣಿಯತ್ತ ಕತ್ತೆತ್ತಿದಳು.

"ಸಾಕು ಬುಡಿ ಅತ್ತೆ, ಈಗ್ಲೇ ಕಣ್ಣು ಕುಕ್ತೈತೆ," ಎಂದಳು ಸೊಸೆ ಧನ್ಯಶ್ರೀ. ಅವಳ ರೆಪ್ಪೆಯ ಮೇಲೆಲ್ಲ ಸುಣ್ಣ ಹಾರಿತ್ತು. ದೋಟಿ ಹಿಡಿದು ಹಿಡಿದು ತೋಳು ಬಿದ್ದುಹೋಗಿದ್ದವು. ತೆಂಗಿನಕಾಯಿ ಕೀಳುವ ದೋಟಿಯ ತುದಿಗೆ ಸುಣ್ಣದ ಬ್ರಷ್ಷು ಕಟ್ಟಿದರೆ ಎಂಥ ಎತ್ತರವಾದರೂ ಎಟುಕುತ್ತದೆ ಎನ್ನುವುದು ಪುಟ್ಟಕ್ಕನದೇ ಉಪಾಯ. ಸ್ತ್ರೀಶಕ್ತಿ ಸಂಘದ ಹೆಂಗಸರನ್ನೆಲ್ಲ ಒಟ್ಟುಮಾಡಿ, ಹಬ್ಬಕ್ಕೆ ಮನೆ ಬಳಿಯುವ ಹಾಗೆ, ಕಲ್ಲುಪಾಳ್ಯದ ಚರ್ಚನ್ನು ಒಳಗೂ ಹೊರಗೂ ಬಳಿಸಿಬಿಟ್ಟಿದ್ದಳು. ಸುಣ್ಣಕ್ಕೆ ಒಂದಿಷ್ಟು ನೀಲಿ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ, ಬಾಗಿಲಿಗೆ ಮಾವಿನ ಸೊಪ್ಪು. ಅಂಗಳದಲ್ಲಿ ಯಾರೋ ಒಂದು ರಂಗೋಲಿಯನ್ನೂ ಎಳೆದಿದ್ದರು. ಏಸುಸ್ವಾಮಿ ಬೇಡವೆನ್ನುತ್ತಾನೆಯೇ!

ಹಾಗೆ ನೋಡಿದರೆ ಕಲ್ಲುಪಾಳ್ಯದ ಚರ್ಚು ಹೊಸಬರಿಗೆ ಚರ್ಚೆನಿಸುವುದೇ ಇಲ್ಲ. ಗೋಪುರವಿಲ್ಲ, ಗಂಟೆಗೂಡಿಲ್ಲ, ಬಣ್ಣದ ಗಾಜಿಲ್ಲ. ತೆಂಗಿನ ತೋಟಗಳ ನಡುವೆ, ಮಡಿಕೆ ಮಡಿಕೆಯಾಗಿ ಎರಡು ಕಡೆಗೂ ಇಳಿಬಿದ್ದ ಕಾಂಕ್ರೀಟಿನ ಚಾವಣಿ. ದೊಡ್ಡದೊಂದು ತೆಂಗಿನ ಗರಿಯನ್ನು ಮಡಚಿ ನೆಲದ ಮೇಲೆ ಕವುಚಿಟ್ಟಂತಿದೆ. ಅದಕ್ಕೇ ಊರವರ ಬಾಯಲ್ಲಿ ಅದು ಗರಿ ಚರ್ಚು. ದಬ್ಬೇಘಟ್ಟದ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಬಗ್ಗಿ, "ಯಾವ ಸೊಸೈಟಿ ಗೋಡೌನ್ರೀ ಅದು?" ಎಂದು ಕೇಳುವುದುಂಟು. ಆಗ ಚರ್ಚಿಗೆ ನಡೆದುಕೊಳ್ಳುವ ಮನೆಯವರು ಕೇಳಿಸದವರಂತೆ ಮುಖ ತಿರುಗಿಸಿ ಕೂರುತ್ತಾರೆ. ಪಾಪ, ಅವರಾದರೂ ಏನು ಮಾಡಿಯಾರು? ಮಳೆ ಹಿಡಿದರೆ ಪೀಠದ ಮೇಲೆಯೇ ಸೋರುತ್ತದೆ. ಪೂಜೆ ಮಾಡುವ ಫಾದರ್ ಪಕ್ಕದಲ್ಲಿ ಒಬ್ಬರು ಕೊಡೆ ಹಿಡಿದು ನಿಲ್ಲಬೇಕು.

ಪುಟ್ಟಕ್ಕ ಹಂದನಕೆರೆಯಿಂದ ಈ ಊರಿಗೆ ಸೊಸೆಯಾಗಿ ಬರುವ ಮೊದಲೇ ಕಟ್ಟಿದ್ದು ಅದು. ಡಿಸಿಲ್ವ ಎಂಬ ಆರ್ಕಿಟೆಕ್ಟು ಬಂದಿದ್ದನಂತೆ. ಊರಲ್ಲೆಲ್ಲ ಸುತ್ತಾಡಿ, ಕೊನೆಗೆ ಪುಟ್ಟಕ್ಕನ ಮಾವನ ಮನೆಯ ಅಟ್ಟ ಹತ್ತಿ, ಕೊಬ್ಬರಿಗೆಂದು ಕೂಡಿಟ್ಟ ಕಾಯಿಯ ರಾಶಿಯ ಪಕ್ಕ ಕೂತವನು ಇಳಿಯಲೇ ಒಲ್ಲೆನೆಂದನಂತೆ. ಕೊಬ್ಬರಿ ಅಟ್ಟಕ್ಕೆ ಬಿಸಿಲು ಬೀಳಕೂಡದು, ಗಾಳಿ ಮಾತ್ರ ಸದಾ ಆಡುತ್ತಿರಬೇಕು. ವರ್ಷವಿಡೀ ಕಾಯಿ ಅಲ್ಲಿ ತಣ್ಣಗೆ ಕೂತು ತಾನಾಗಿ ಒಣಗಬೇಕು. "ಚರ್ಚೂ ಹೀಗೇ ಇರಬೇಕು" ಎಂದನಂತೆ ಪುಣ್ಯಾತ್ಮ. ಗೋಡೆಯ ಕಲ್ಲುಕಲ್ಲಿನ ನಡುವೆ ಬೆರಳು ತೂರುವಷ್ಟು ಸಂದು ಬಿಡಿಸಿದ. ಚಾವಣಿಯ ನೆತ್ತಿಯುದ್ದಕ್ಕೂ ಒಂದು ಸೀಳು ಬಿಟ್ಟು ಗಾಜು ಹಾಕಿಸಿದ. ಕಾಂಕ್ರೀಟು ಸುರಿಯುವ ಮೊದಲು ಹಲಗೆಯ ಮೇಲೆ ಊರ ಹೆಂಗಸರ ಕೈಯಲ್ಲಿ ಹೆಣೆಸಿದ ಗರಿಗಳನ್ನು ಹಾಸಿಸಿದ. ಹಲಗೆ ಬಿಚ್ಚಿದಾಗ ಚಾವಣಿಯ ತುಂಬ ಹೆಣೆದ ಗರಿಯ ಅಚ್ಚು. ಆಮೇಲೆ ಅದಕ್ಕೊಂದು ಗಾರೆಯಿಲ್ಲ, ಬಣ್ಣವಿಲ್ಲ. ಹಾಗೇ ಬಿಟ್ಟು ಹೊರಟುಹೋದ.

ಪುಟ್ಟಕ್ಕನಿಗೆ ಇದೆಲ್ಲ ಕಟ್ಟಿಕೊಂಡು ಏನಾಗಬೇಕು? ಅವಳೇನು ಚರ್ಚಿಗೆ ನಡೆದುಕೊಳ್ಳುವವಳಲ್ಲ, ಊರಮ್ಮನ ಒಕ್ಕಲು. ಆದರೆ ಅವಳ ತೋಟಕ್ಕೂ ಚರ್ಚಿಗೂ ನಡುವೆ ಇರುವುದು ಒಂದು ಬೇಲಿ ಮಾತ್ರ. ಎಷ್ಟೋ ವರ್ಷದ ಹಿಂದೆ, ಹಗ್ಗ ಕಿತ್ತುಕೊಂಡ ಕರುವಿನ ಹಿಂದೆ ಓಡಿ, ಬೇಲಿ ನುಸಿದು, ನೆತ್ತಿ ಸುಡುವ ಬಿಸಿಲಿಗೆ ಹೆದರಿ ಒಳಗೆ ಕಾಲಿಟ್ಟಿದ್ದಳು. ಒಳಗೆ ಯಾರೂ ಇರಲಿಲ್ಲ. ಗೋಡೆಯ ಸಂದುಗಳಿಂದ ಗಾಳಿ ಸಣ್ಣಗೆ ಬಂದು ಬೆವರು ಮುಟ್ಟಿತು. ಸುಮ್ಮನೆ ಕೂತಳು. ಕೂತವಳು ಕಾಲು ಚಾಚಿದಳು. ಕಾಲು ಚಾಚಿದವಳು ಸೆರಗು ಹಾಸಿ ಮಲಗಿಯೇಬಿಟ್ಟಳು.

ಮಲಗಿದರೆ ಮೇಲೆಲ್ಲ ಗರಿ. ನೆತ್ತಿಯ ಸೀಳಿನಿಂದ ಇಳಿದ ಬೆಳಕು ಗೋಡೆಯ ಮೇಲೆ ಮೆಲ್ಲಗೆ ಜಾರುತ್ತ, ನೆಲಕ್ಕೆ ಬಂದು, ಒಣಹಾಕಿದ ಸೀರೆಯಂತೆ ಉದ್ದಕ್ಕೆ ಬಿದ್ದುಕೊಳ್ಳುತ್ತಿತ್ತು. ನೋಡುತ್ತ ನೋಡುತ್ತ ಮಂಪರು. ಆ ಮಂಪರಿನಲ್ಲಿ ಹಂದನಕೆರೆಯ ಅಪ್ಪನ ಮನೆ ಬರುತ್ತಿತ್ತು, ಬೋರನಕಣಿವೆಯ ನೀರು ಬಂದು ಕಾಲ್ಬೆರಳು ಮುಟ್ಟುತ್ತಿತ್ತು, ಯಾವುದೋ ಹಟ್ಟಿಯ ಕುರಿಗಳು ಸದ್ದಿಲ್ಲದೆ ಮೈಮೇಲೆ ಹಾದು ಹೋಗುತ್ತಿದ್ದವು. ತಾನು ಯಾರ ಹೆಂಡತಿ, ಯಾರ ಸೊಸೆ, ಒಲೆಯ ಮೇಲೇನಿದೆ, ಒಂದೂ ನೆನಪಿರುತ್ತಿರಲಿಲ್ಲ. ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುವವರೇ. ಗಂಡ ಕೆಂಚಪ್ಪನಿಗೆ ಟವೆಲ್ಲು ಕಣ್ಣೆದುರೇ ಇದ್ದರೂ "ಪುಟ್ಟೀ" ಎನ್ನಬೇಕು. ಮಗ ಮೋಹನ್ ಕುಮಾರನಿಗೆ "ಅವ್ವಾ", ಮೊಮ್ಮಗಳಿಗೆ "ಅಜ್ಜೀ", ಹಸುವಿಗೆ "ಅಂಬಾ". ಗರಿ ಚರ್ಚಿನೊಳಗೆ ಮಾತ್ರ ಯಾವ ಕರೆಯೂ ತೂರುತ್ತಿರಲಿಲ್ಲ. "ತೋಟಕ್ಕೆ ಹೋಗಿ ಬತ್ತೀನಿ" ಎಂದು ಹೇಳಿ ಅವಳು ಮಧ್ಯಾಹ್ನ ಅಲ್ಲಿಗೆ ಹೋಗುತ್ತಿದ್ದಳು. ಅದೊಂದು ಸುಳ್ಳನ್ನು ಅವಳು ಇಷ್ಟು ವರ್ಷ ಹಾಲಿನ ಹಾಗೆ ಕಾಪಾಡಿಕೊಂಡು ಬಂದಿದ್ದಳು.

ಹೀಗಿರುವಾಗ ಚರ್ಚಿನ ಉಪದೇಶಿ ಚೌರಪ್ಪ ಡೈರಿಯ ಹತ್ತಿರ ಹಾಲು ಹಾಕಲು ಬಂದವನು ಬಾಂಬು ಹಾಕಿದ್ದ. "ಕೆಡವ್ತಾರಂತೆ ಕಣಕ್ಕ. ಎರಡು ಗೋಪುರದ್ದು ಹೊಸದು ಕಟ್ಟಿಸ್ಬೇಕು ಅಂತ ಫಾದರ್‌ಗೆ ಆಸೆ. ಬೆಂಗಳೂರಿಂದ ಯಾವ್ದೋ ಟ್ರಸ್ಟಿನೋರು ನೋಡಕೆ ಬತ್ತಾರೆ. ಅವ್ರು ಒಪ್ಪುದ್ರೆ ಉಳಿಸ್ಕಂಡು ರಿಪೇರಿ ಮಾಡುಸ್ತಾರೆ. ಇಲ್ದಿದ್ರೆ ಹೋಯ್ತು ಅನ್ಕೋ."

ಫಾದರ್ ಅಂತೋಣಿ ಧ್ಯಾನಕೂಟವೆಂದು ಬೆಂಗಳೂರಿಗೆ ಹೋಗುವಾಗ, "ಒಂಚೂರು ಕ್ಲೀನ್ ಮಾಡಿಸಿಡಪ್ಪ" ಎಂದು ಚೌರಪ್ಪನಿಗೆ ಹೇಳಿದ್ದರು. ಕ್ಲೀನ್ ಎಂದರೆ ಈ ಸೀಮೆಯಲ್ಲಿ ಏನರ್ಥ? ಮನೆಗೆ ದೊಡ್ಡವರು ಬರುತ್ತಾರೆಂದರೆ ಗೋಡೆಗೆ ಸುಣ್ಣ. ಹೆಣ್ಣು ನೋಡಲು ಬಂದರೂ ಸುಣ್ಣ, ಗೌರಿ ಬಂದರೂ ಸುಣ್ಣ. ಆ ಮಾಸಲು ಗೋಡೆಯನ್ನು ನೋಡಿ ಯಾವ ಟ್ರಸ್ಟು ಒಪ್ಪೀತು ಎಂದು ಪುಟ್ಟಕ್ಕ ಸೀರೆ ಎತ್ತಿ ಕಟ್ಟಿ ನಿಂತಳು. ಚೌರಪ್ಪನೂ ಸಂತೋಷದಿಂದ ಹೂಂ ಎಂದ.

ಸುಣ್ಣ ಬಳಿದ ಮರುದಿನ ಕಾರಿನಿಂದ ಇಳಿದವಳು ಕೃತಿಕಾ ಎಂಬ ಹುಡುಗಿ. ಟ್ರಸ್ಟಿನ ಕಡೆಯ ಆರ್ಕಿಟೆಕ್ಟು. ಹಿರಿಯರು ಬರುವ ಮೊದಲು ಎಲ್ಲ ನೋಡಿಟ್ಟುಕೊಳ್ಳಲು ಬಂದಿದ್ದಳು. ಕಾರಿನ ಬಾಗಿಲು ಹಿಡಿದುಕೊಂಡೇ ಚರ್ಚನ್ನು ನೋಡಿದಳು. ಬಾಗಿಲು ಮುಚ್ಚುವುದನ್ನೂ ಮರೆತು ಮೆಟ್ಟಿಲ ತನಕ ನಡೆದು ಬಂದು, ಒಳಗೆ ಇಣುಕಿ, ಅಲ್ಲೇ ಕುಸಿದು ಕೂತಳು.

"ಯಾರು ಮಾಡಿದ್ದು ಇದನ್ನ?"

"ಇನ್ಯಾರವ್ವ, ನಾವೇಯ!" ಪುಟ್ಟಕ್ಕನ ಮುಖ ಊರಗಲವಾಯಿತು. "ಸಂಘದೋರೆಲ್ಲ ಸೇರ್ಕಂಡು ಬಳುದ್ವಿ. ಹೊರಗಡೀಕೆ ಅಂಟೂ ಕಲ್ಸೀವಿ, ಮಳೆಗೂ ಜಗ್ಗಲ್ಲ."

ಹುಡುಗಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಅಳುತ್ತಾಳೋ ನಗುತ್ತಾಳೋ ಗೊತ್ತಾಗಲಿಲ್ಲ. ಕೊನೆಗೆ ಮೆಲ್ಲಗೆ ಹೇಳಿದಳು: "ಅಮ್ಮಾ, ಬರೀ ಕಾಂಕ್ರೀಟು ಹಾಗೇ ಕಾಣ್ಬೇಕು ಅಂತಲೇ ಇದನ್ನ ಕಟ್ಟಿದ್ದು. ಗರಿ ಅಚ್ಚಿರೋ ಇಂಥ ಚಾವಣಿ ನಾನಂತೂ ಇನ್ನೆಲ್ಲೂ ನೋಡಿಲ್ಲ. ಮೊದಲಿದ್ದ ಹಾಗೇ ಇದೆ, ಯಾರೂ ಕೈ ಹಚ್ಚಿಲ್ಲ ಅಂತ ಹೇಳಿ ಹೇಳಿ ನಮ್ಮೋರನ್ನ ಒಪ್ಪಿಸಿದೀನಿ. ಅದಕ್ಕೇ ಅವರು ಬರ್ತಿರೋದು."

"ಆ ಮಾಸಲು ಗ್ವಾಡೇನಾ?"

"ಹೂಂ, ಆ ಮಾಸಲು ಗೋಡೆನೇ."

ಸಂಜೆ ಬಂದಿಳಿದ ಫಾದರ್ ಅಂತೋಣಿ ಬೆಳ್ಳಗಾಗಿದ್ದ ಚರ್ಚನ್ನು ನೋಡಿ ಮೊದಲು ಗಟ್ಟಿಯಾಗಿ ನಕ್ಕರು. ಕೃತಿಕಾಳ ಮುಖ ಕಂಡು ನಗು ನಿಲ್ಲಿಸಿದರು. "ಹೋಗಲಿ ಬಿಡಮ್ಮ, ದೇವರ ಚಿತ್ತ ಹಾಗಿದ್ದರೆ ನಾವೇನು ಮಾಡೋಕಾಗುತ್ತೆ. ಜನ ನೆನೀದೆ ಕೂತು ಪೂಜೆ ಕೇಳೋ ಹಾಗಾದರೆ ಸಾಕು ನನಗೆ," ಎಂದರು. ಒಳ್ಳೆಯ ಮನುಷ್ಯರೇ, ಬೈಯಲಿಲ್ಲ. ಆದರೆ ಇನ್ನು ಗೋಪುರ ಕಟ್ಟಬಹುದೆಂದು ಅವರ ಮುಖ ಹಗುರಾದದ್ದು ಪುಟ್ಟಕ್ಕನ ಕಣ್ಣಿಗೆ ಬಿತ್ತು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಅವಳಿಗೆ. ಮನೆಗೆ ಬಂದು ತಟ್ಟೆಯ ಮುದ್ದೆಯನ್ನು ಹಸುವಿನ ಬಾನಿಗೆ ಹಾಕಿದಳು. ತನ್ನ ಕೈಯಾರೆ, ತಾನೇ ದೋಟಿ ಕಟ್ಟಿ, ತಾನೇ ಸುಣ್ಣ ಕದಡಿ, ತನ್ನ ಜಾಗಕ್ಕೆ ತಾನೇ ಬೆಂಕಿಯಿಟ್ಟ ಹಾಗಾಯಿತಲ್ಲ. ಯಾರ ಹತ್ತಿರ ಹೇಳಿಕೊಳ್ಳುವುದು? ಆ ಜಾಗ ಅವಳದೆಂದು ಯಾರಿಗೆ ಗೊತ್ತಿತ್ತು?

ಬೆಳಕು ಹರಿಯುತ್ತಿದ್ದಂತೆ ಒಂದು ಬಿಂದಿಗೆ ನೀರು, ಒಂದು ಹಿಡಿ ತೆಂಗಿನ ನಾರು ಹಿಡಿದುಕೊಂಡು ಹೋದಳು. ಚಾವಣಿಯ ಮಡಿಕೆ ಕೆಳಗಿಳಿದು ಕೈಗೆ ಸಿಗುವ ಕಡೆ ನಿಂತು ಒದ್ದೆ ನಾರಿನಿಂದ ಉಜ್ಜಿದಳು. ಸುಣ್ಣ ಹಾಲಿನಂತೆ ಮೊಣಕೈವರೆಗೆ ಹರಿಯಿತು. ಇನ್ನೊಂದು ಸಲ ಉಜ್ಜಿದಳು. ತಿಪಟೂರಿನಲ್ಲಿ ಉಳಿದುಕೊಂಡಿದ್ದ ಕೃತಿಕಾ ಬರುವ ಹೊತ್ತಿಗೆ ಒಂದು ಮೊರದಷ್ಟು ಜಾಗದಲ್ಲಿ ಬೂದು ಬಣ್ಣ ಕಾಣುತ್ತಿತ್ತು. ಹೆಣಿಗೆಯ ಒಂದೊಂದು ಎಳೆಯೂ ಇತ್ತು.

ಹುಡುಗಿ ಓಡಿ ಬಂದು ಮುಟ್ಟಿ ನೋಡಿದಳು. "ಇದಕ್ಕೆ ಅಂಟು ಹಾಕಿಲ್ವಾ?"

"ಹೊರಗಡೆ ಬಳಿಯೋ ಹೊತ್ಗೇ ಮುಗುದೋಯ್ತು ಕಣವ್ವ. ಒಳಗಡೀಕೆ ಬರೀ ಸುಣ್ಣ."

"ಹಾಗಾದ್ರೆ ಬರುತ್ತೆ!" ಕೃತಿಕಾ ಪುಟ್ಟಕ್ಕನ ಒದ್ದೆ ಕೈಯನ್ನೇ ಹಿಡಿದು ಕುಣಿಸಿದಳು. "ಆದ್ರೆ ತಂತಿ ಬ್ರಷ್ಷು ಬೇಡ, ಆ್ಯಸಿಡ್ಡು ಬೇಡ. ಹೀಗೇ, ಬರೀ ನೀರು, ನಾರು. ಪೂರ್ತಿ ಹೋಗಲ್ಲ, ಸ್ವಲ್ಪ ಉಳಿಯುತ್ತೆ. ಅಷ್ಟಿರಲಿ."

ಮತ್ತೆ ಸಂಘದ ಹೆಂಗಸರು ಬಂದರು. ಬಂದವರು ಸುಮ್ಮನೆ ಬಂದಾರೆಯೇ? "ಬಳಿಯೋದೂ ನಾವೇ ತೊಳಿಯೋದೂ ನಾವೇ, ಚೆನ್ನಾಗೈತೆ ಕಣೇ ನಿನ್ ಯಜಮಾನಿಕೆ!" ಎಂದು ರಂಗಮ್ಮ ಕೀಟಲೆ ಮಾಡಿದಳು. ಬ್ರಷ್ಷಿದ್ದ ದೋಟಿಗಳಿಗೆ ಈಗ ನಾರಿನ ಉಂಡೆ ಕಟ್ಟಿದರು. ಧನ್ಯಶ್ರೀ ತೋಟದ ಪಂಪ್‌ಸೆಟ್ಟಿನಿಂದ ಪೈಪು ಎಳೆದು ತಂದಳು. ನೀರು ಮೇಲೆ ಹೋಗಿ ಬೆಳ್ಳಗಾಗಿ ಕೆಳಗೆ ಬಂತು. ನೆತ್ತಿಯ ಸೀಳಿನ ಬೆಳಕಿನಲ್ಲಿ ಹನಿಗಳು ಬೀಳುವುದೇ ಮರೆತ ಹಾಗೆ ತೇಲಿದವು. ಒಂದೊಂದೇ ಮಡಿಕೆ ಬೂದುಬಣ್ಣಕ್ಕೆ ತಿರುಗುತ್ತ, ಅದರ ಒಳಗಿನಿಂದ ಗರಿ ಮೂಡುತ್ತ ಹೋಯಿತು. ಗಲಾಟೆ ಮಾಡುತ್ತಿದ್ದ ಹೆಂಗಸರೂ ದೋಟಿ ಇಳಿಸಿ ಕತ್ತೆತ್ತಿ ನಿಂತರು.

"ನೀವು ಚರ್ಚಿಗೆ ಸೇರಿದವರಲ್ಲ ಅಂದ್ರು ಚೌರಪ್ಪ," ಎಂದಳು ಕೃತಿಕಾ, ಎಲ್ಲರೂ ಊಟಕ್ಕೆ ಹೋದಾಗ. "ಮತ್ತೆ ಯಾಕಮ್ಮ ಇಷ್ಟು ಒದ್ದಾಡ್ತೀರ?"

ಪುಟ್ಟಕ್ಕ ನಾರು ಹಿಂಡುತ್ತ ನಿಂತಳು. ಹೇಳಲೋ ಬೇಡವೋ. ಈ ಹುಡುಗಿ ನಾಳೆ ಹೋಗುವವಳು.

"ಇಲ್ಲಿ ನನ್ನ ಯಾರೂ ಕರೆಯಲ್ಲ ಕಣವ್ವ," ಎಂದಳು. "ಮನೇಲಿ ಎಲ್ರೂ ಒಳ್ಳೇರೇಯ. ಯಾರೂ ಹೊಡಿಯಲ್ಲ, ಬೈಯಲ್ಲ. ಆದ್ರೂ ಬೆಳಗಿಂದ ಯಾರಾದ್ರೂ ಒಬ್ರು ಕರೀತಾನೇ ಇರ್ತಾರೆ. ಇಲ್ಲಿ ಬಂದು ಮಲಿಕ್ಕಂಡ್ರೆ ನಾನು ಯಾರಿಗೂ ಬ್ಯಾಡ. ಅದು ಎಷ್ಟು ಸುಖ ಅಂತೀಯ..." ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಥದಕ್ಕೆ ಅಳು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಪೈಪು ಹಿಡಿದು ಧನ್ಯಶ್ರೀ ನಿಂತಿದ್ದಳು.

"ಏನೇ, ನೀರು ಹಂಗೇ ಹರ್ದು ಹೋಯ್ತೈತಲ್ಲೇ!" ಎಂದು ಪುಟ್ಟಕ್ಕ ಗದರಿದಳು. ಸೊಸೆ ಪೈಪು ಮಡಚಿ ಹಿಡಿದಳು.

ಟ್ರಸ್ಟಿನ ಹಿರಿಯರು ಬಂದಾಗ ಚರ್ಚು ಹೊರಗೆ ಬೆಳ್ಳಗೆ, ಒಳಗೆ ಬೂದುಬಣ್ಣ. ಅವರಲ್ಲೊಬ್ಬರು, ಕ್ಯಾಪು ಹಾಕಿಕೊಂಡಿದ್ದ ಮುದುಕರು, ಕೆಮ್ಮಣ್ಣಿನ ಪಟ್ಟೆ ನೋಡಿ ಕೆಮ್ಮು ಬರುವ ತನಕ ನಕ್ಕರು. ಆಮೇಲೆ ಒಳಗೆ ಹೋದವರು ಬಹಳ ಹೊತ್ತು ಹೊರಗೇ ಬರಲಿಲ್ಲ. ಪುಟ್ಟಕ್ಕ ಬೇಲಿಯಾಚೆ ಸೌದೆ ಆಯುವವಳಂತೆ ನಿಂತು ಬಾಗಿಲನ್ನೇ ನೋಡುತ್ತಿದ್ದಳು. ಬಂದವರು ಫಾದರ್ ಕೈ ಕುಲುಕಿ, "ಒಳಗೆ ಏನೂ ಕೆಟ್ಟಿಲ್ಲ. ಹೊರಗಿನದನ್ನ ನಾಲ್ಕು ಮಳೆಗಾಲ ನೋಡ್ಕೊಳ್ಳುತ್ತೆ. ಇದನ್ನ ಕೆಡವಬೇಡಿ ಫಾದರ್, ಸೋರೋದನ್ನ ನಿಲ್ಲಿಸೋ ಜವಾಬ್ದಾರಿ ನಮ್ಮದು" ಎಂದರು. ಫಾದರ್ ಅಂತೋಣಿ ಚಾವಣಿಯ ಕಡೆ ನೋಡಿ, ನಿಟ್ಟುಸಿರು ಬಿಟ್ಟು, "ಪೀಠದ ಮೇಲೆ ಒಂದು ಹನಿ ಬೀಳಬಾರದು ನೋಡಿ" ಎಂದರು. ಗೋಪುರದ ಆಸೆ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಹೋಗಲಿಲ್ಲ. ಆದರೂ ಒಪ್ಪಿದರು.

ಒಪ್ಪಂದದಲ್ಲಿ ಒಂದು ಮಾತಿತ್ತು. ಇನ್ನು ಮುಂದೆ ಯಾರೂ ಸುಣ್ಣ ಬಣ್ಣ ಎಂದು ಕೈ ಹಚ್ಚದಂತೆ ಬಾಗಿಲಿಗೆ ಬೀಗ ಇರಬೇಕು. ಆದರೆ ಸದಾ ಮುಚ್ಚಿದ್ದರೂ ಬೂಷ್ಟು ಹಿಡಿಯುತ್ತದೆ. ದಿನಾ ಮಧ್ಯಾಹ್ನ ಒಬ್ಬರು ತೆಗೆದು ಗಾಳಿಯಾಡಿಸಬೇಕು, ನೋಡಲು ಬಂದವರಿಗೆ ತೋರಿಸಬೇಕು. ಯಾರು ಆ ಒಬ್ಬರು ಎಂದಾಗ ಕೃತಿಕಾ ಬೇಲಿಯ ಕಡೆ ಕೈ ತೋರಿಸಿದಳು. ತನ್ನ ಲೆಕ್ಕದಲ್ಲಿ ಅವಳು ಪುಟ್ಟಕ್ಕನಿಗೆ ದೊಡ್ಡ ಉಪಕಾರ ಮಾಡಿದ್ದಳು. ಪುಟ್ಟಕ್ಕನೂ ಬೀಗದಕೈಯನ್ನು ಕಣ್ಣಿಗೊತ್ತಿಕೊಂಡೇ ಈಸಿಕೊಂಡಳು.

ಆಮೇಲೆ ಶುರುವಾಯಿತು ನೋಡಿ. ಎಲ್ಲೆಲ್ಲಿಂದಲೋ ಕಾಲೇಜಿನ ಹುಡುಗರು ಕ್ಯಾಮೆರಾ ನೇತುಹಾಕಿಕೊಂಡು ಬಂದರು. ಒಬ್ಬ ನೆಲದ ಮೇಲೆ ಅಂಗಾತ ಮಲಗಿ ಫೋಟೋ ಹೊಡೆದ, ಇನ್ನೊಬ್ಬಳು ಗೋಡೆಯ ಸಂದಿಗೆ ಬೆರಳಿಟ್ಟು ಅಳತೆ ಮಾಡಿದಳು. "ಪುಟ್ಟಕ್ಕಾ, ಬೀಗ!" ಎಂದು ಚೌರಪ್ಪ ಬೇಲಿಯಾಚೆಯಿಂದ ಕೂಗಿದ. "ಅಮ್ಮಾ, ಲೈಟ್ ಎಷ್ಟೊತ್ತಿಗೆ ಬೀಳುತ್ತೆ?" "ಅಮ್ಮಾ, ಈ ಬೆಂಚು ಸ್ವಲ್ಪ ಸರಿಸಬಹುದಾ?" ಪುಟ್ಟಕ್ಕ ಒಮ್ಮೆ ಯಾರೂ ಇಲ್ಲದ ಹೊತ್ತು ನೋಡಿ ಸೆರಗು ಹಾಸಿ ಮಲಗಿದಳು. ಮೇಲೆ ಗರಿಯೂ ಇತ್ತು, ಬೆಳಕೂ ಇಳಿಯುತ್ತಿತ್ತು. ಆದರೆ ಕಿವಿ ಮಾತ್ರ ಕಾರಿನ ಸದ್ದಿಗೆ ಕಾಯುತ್ತಿತ್ತು. ಚರ್ಚು ಉಳಿದಿತ್ತು, ಅವಳ ಮಧ್ಯಾಹ್ನ ಹೋಗಿಬಿಟ್ಟಿತ್ತು. ಇದು ಗೊತ್ತಾದ ದಿನ ಅವಳಿಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ, ಮನೆಗೆ ಬಂದು ಧನ್ಯಶ್ರೀಯ ಮೇಲೆ ಹರಿಹಾಯ್ದಳು. ಸಾರಿಗೆ ಉಪ್ಪು ಹೆಚ್ಚೆಂದಳು. ಉಪ್ಪು ಸರಿಯಾಗಿಯೇ ಇತ್ತು.

ಮಳೆ ಕಳೆದು ಬಿಸಿಲು ಚುರುಕಾದ ಒಂದು ದಿನ. ಚರ್ಚಿನ ಬಾಗಿಲು ತೆಗೆದು ಗಾಳಿಗೆ ಬಿಟ್ಟು, ಪುಟ್ಟಕ್ಕ ಊಟಕ್ಕೆ ಮನೆಗೆ ಬಂದಿದ್ದಳು. ಉಂಡು ಕೈ ತೊಳೆದರೆ ಸೊಸೆ ಕಾಣಲಿಲ್ಲ. "ಧನ್ಯಾ!" ಕರೆದಳು. ಹಿತ್ತಿಲಲ್ಲಿಲ್ಲ. "ಏ ಧನ್ಯಾ!" ಕೊಟ್ಟಿಗೆಯಲ್ಲಿಲ್ಲ. ನೆನೆಸಿದ ಬಟ್ಟೆ ಕಲ್ಲಿನ ಮೇಲೆ ಹಾಗೇ ಇತ್ತು. ಹಸುವಿಗೆ ನೀರು ತೋರಿಸಿರಲಿಲ್ಲ. "ತೋಟಕ್ಕೆ ಹೋಗಿ ಬತ್ತೀನಿ ಅಂದ್ಳು ಕಣೇ," ಎಂದ ಕೆಂಚಪ್ಪ ಜಗುಲಿಯಿಂದ. ಪುಟ್ಟಕ್ಕ ತೋಟದೊಳಗೆಲ್ಲ ಕೂಗುತ್ತ ಹೋದಳು. ಸಿಟ್ಟು ನೆತ್ತಿಗೇರಿತ್ತು. ಬೇಲಿ ನುಸಿದು, ಚರ್ಚಿನ ಬಾಗಿಲಲ್ಲಿ ನಿಂತು, ಇನ್ನೊಮ್ಮೆ ಕರೆಯಲು ಬಾಯಿ ತೆರೆದಳು.

ಧನ್ಯಶ್ರೀ ನೆಲದ ಮೇಲೆ ಸೆರಗು ಹಾಸಿ ಮಲಗಿದ್ದಳು. ಬೆಳಕು ಅವಳ ಪಾದದ ತನಕ ಬಂದಿತ್ತು. ಒಂದು ಕೈ ಮಗ್ಗುಲಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಬಾಯಿ ತುಸು ತೆರೆದು, ಹಣೆಯ ಗೆರೆಗಳೆಲ್ಲ ಹೋಗಿ, ಇನ್ನೂ ಮದುವೆಯಾಗದ ಹುಡುಗಿಯಂತೆ ಕಾಣುತ್ತಿದ್ದಳು. ಈ ಮನೆಗೆ ಬಂದಾಗಿನಿಂದ ಇವಳನ್ನು ಅತಿ ಹೆಚ್ಚು ಕರೆದವರು ಯಾರೆಂದು ಯೋಚಿಸಿದರೆ, ಗಂಡನಲ್ಲ, ಮಗಳಲ್ಲ. ಪುಟ್ಟಕ್ಕನೇ. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು.

ಹಿಂದೆ ಕಾರು ನಿಂತ ಸದ್ದಾಯಿತು. ಅವಳು ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಬಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ಕ್ಯಾಮೆರಾ ಹಿಡಿದ ಮೂವರು ಹುಡುಗರು ಮೆಟ್ಟಿಲ ಹತ್ತಿರ ಬಂದಿದ್ದರು.

"ಒಳಗೆ ನೋಡ್ಬಹುದಾ ಅಮ್ಮ?"

"ಮೆಲ್ಲುಕ್ ಮಾತಾಡ್ರಪ್ಪ," ಎಂದಳು ಪುಟ್ಟಕ್ಕ. "ಈಗ ಆಗಲ್ಲ. ಒಳಗೆ ಕೆಲಸ ನಡೀತೈತೆ."

"ಎಷ್ಟೊತ್ತಾಗುತ್ತೆ?"

"ಹೊತ್ತಾಯ್ತದೆ. ನೆರಳಾಗೆ ಕೂತ್ಕಳಿ."

ತೋಟದಾಚೆ ಮನೆಯ ಕಡೆಯಿಂದ ಮೋಹನ್ ಕುಮಾರನ ಕೂಗು ಬಂತು: "ಧನ್ಯಾ... ಏ ಧನ್ಯಾ..." ಪುಟ್ಟಕ್ಕ ಓಗೊಡಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತಳು. ಹುಡುಗರು ತೆಂಗಿನ ಮರದ ಕೆಳಗೆ ಬ್ಯಾಗು ಇಳಿಸಿದರು, ಒಬ್ಬ ಬೂಟು ಬಿಚ್ಚಿದ. ಗೋಡೆಯ ಸಂದುಗಳಿಂದ ಗಾಳಿ ಬಂದು ಅವಳ ಕತ್ತಿಗೆ ತಣ್ಣಗೆ ತಾಗುತ್ತಿತ್ತು.